ನಡುಗೋಡೆಯ ಡಬ್ಬಿ

ನಂದಾಳ ಎದೆಯ ಗಂಟಿನ ವರದಿ ಇ-ಮೇಲಿನಲ್ಲಿ ಬಂದಿತ್ತು. ತೆರೆಯುವಷ್ಟರಲ್ಲಿ ಇಂಟರ್ನೆಟ್ ಹೋಗುತ್ತಿತ್ತು. ಮೋಡೆಮ್ ಆರಿಸಿ ಹಚ್ಚಿದಳು, ವೈರು ಬಿಚ್ಚಿ ಸಿಕ್ಕಿಸಿದಳು. ಪಕ್ಕದ ಮನೆಯ ಪವರ್‌ಲೂಮ್ ಬಡಿದಾಗಲೆಲ್ಲ ನಡುಗೋಡೆ ಅದುರಿ, ಅದಕ್ಕೆ ಮೊಳೆ ಹೊಡೆದು ಕೂರಿಸಿದ್ದ ಮೋಡೆಮ್ ಡಬ್ಬಿಯ ದೀಪ ಕೆಂಪಾಗುತ್ತಿತ್ತು. ಮಗ್ಗಗಳ ಊರಾದ ಬನಹಟ್ಟಿಯಲ್ಲೇ ಹುಟ್ಟಿದವಳಿಗೆ ಇಷ್ಟು ದಿನ ಆ ಸದ್ದಿನ ಮೇಲೆ ಅನುಮಾನವೇ ಬಂದಿರಲಿಲ್ಲ; ಈಗ ಬಂತು.

"ಮುತ್ತವ್ವಕ್ಕಾ, ಒಂದೀಟು ಮಗ್ಗಾ ನಿಂದರಸ್ತೀರೇನ್ರಿ?" ಎಂದು ಕಿಟಕಿಯಲ್ಲಿ ನಿಂತು ಕೂಗಿದಳು.

ಮಗ್ಗ ನಿಂತಿತು, ದೀಪ ಹಸಿರಾಯಿತು. ಸದ್ದಿಲ್ಲದ ಮನೆಯಲ್ಲಿ ಹೆದರಿಕೆ ದುಪ್ಪಟ್ಟಾಯಿತು. ಮೌಸಿನ ಮೇಲಿನ ಬೆರಳು ಒತ್ತಲೊಲ್ಲದು.

ಕೂದಲಿಗೆ ನೂಲಿನ ಎಳೆ ಅಂಟಿಸಿಕೊಂಡೇ ಬಂದ ಮುತ್ತವ್ವ ಮೌಸಿನ ಮೇಲೆ ನಿಂತ ಬೆರಳು ನೋಡಿ ಪಕ್ಕದಲ್ಲಿ ಕುಳಿತಳು. "ಒತ್ತ ಬೇ, ನಾ ಅದೀನಲ್ಲ."

ನಂದಾ ಒತ್ತಿದಳು, ಎರಡು ಸಲ ಓದಿದಳು. "ಕ್ಯಾನ್ಸರ್ ಅಲ್ಲಂತ್ರೀ, ಅಕ್ಕಾ."

"ಹಂಗಾರ ಮಗ್ಗಾ ಚಾಲೂ ಮಾಡ್ತೇನಿ" ಎಂದ ಮುತ್ತವ್ವ ಕಣ್ಣೊರೆಸಿಕೊಳ್ಳುತ್ತ ಅಲ್ಲೇ ಕುಳಿತಿದ್ದಳು.