ಅಕ್ಕಯಮ್ಮನ ರಾಗ ಎಳೆಯುವ ಗಾಡಿ

ಅಕ್ಕಯಮ್ಮ ಗಾಡಿ ಹತ್ತುವ ಮುನ್ನ ಚಪ್ಪಲಿ ಬಿಡುತ್ತಾಳೆ. ಬಿಟ್ಟ ಚಪ್ಪಲಿಯನ್ನು ಸೀಟಿನ ಹಿಂದಕ್ಕೆ ತುರುಕಿ, ಒಂದು ಕೈಯಲ್ಲಿ ಸೀರೆಯ ನೆರಿಗೆ ಹಿಡಿದು, ಇನ್ನೊಂದರಿಂದ ಬಾಗಿಲಿನ ಚೌಕಟ್ಟನ್ನು ಆತುಕೊಂಡು ಒಂದೇ ನೆಗೆತಕ್ಕೆ ಮೇಲೇರಿ ಕೂತಳೆಂದರೆ, ಅಂಚೆಟ್ಟಿಯ ಗುಡ್ಡದಿಂದ ಹೊಸೂರಿನ ಮಾರ್ಕೆಟ್ಟು ಮುಟ್ಟುವತನಕ ಆ ಎರಡು ಬರಿಗಾಲುಗಳು ಕ್ಲಚ್ಚು ಬ್ರೇಕುಗಳ ಮೇಲೆ ನಡೆಸುವ ಸೂಕ್ಷ್ಮ ವ್ಯವಹಾರವನ್ನು ನೋಡುತ್ತ ಕೂರುವುದೇ ನನಗೊಂದು ಸೋಜಿಗ. ಹಿಮ್ಮಡಿ ಬಿರಿದ, ಬೆರಳುಗಳು ಅಗಲವಾಗಿ ಹರಡಿಕೊಂಡ, ಹೊಲದ ಮಣ್ಣು ಉಗುರಿನ ಸಂದಿಯಲ್ಲಿ ಖಾಯಮ್ಮಾಗಿ ನೆಲೆಸಿದ ಪಾದಗಳವು. ಮೊದಲ ಸಲ ನೋಡಿದಾಗ ಇದೆಲ್ಲ ವಾಹನದ ಮೇಲಿನ ಭಕ್ತಿಯೆಂದು ಭಾವಿಸಿ ನಾನು ಹೊಗಳಿಬಿಟ್ಟೆ. ಆಕೆ ನನ್ನನ್ನು ಕನಿಕರದಿಂದ ನೋಡಿದಳು.

"ಭಕ್ತಿಯೂ ಇಲ್ಲ ಬದನೇಕಾಯೂ ಇಲ್ಲ ಮೇಷ್ಟ್ರೇ. ಗಾಡಿ ಏನು ಹೇಳ್ತೈತೆ ಅಂತ ಕಾಲಿಗೆ ಗೊತ್ತಾಗ್ಬೇಕಲ್ಲ. ಚಪ್ಲಿ ಹಾಕ್ಕೊಂಡು ಓಡ್ಸೋದು ಅಂದ್ರೆ ಕಿವೀಗೆ ಹತ್ತಿ ತುರುಕ್ಕೊಂಡು ಮಾತಾಡ್ಸಿದಂಗೆ."

ಅಂಚೆಟ್ಟಿಯಾಚೆಯ ಒಂದು ಸಣ್ಣ ಶಾಲೆಯಲ್ಲಿ ನಾನು ಆರು ವರ್ಷ ಕನ್ನಡ ಕಲಿಸಿದೆ. ಬೆಳಿಗ್ಗೆಗೊಂದು, ಸಂಜೆಗೊಂದು ಬಸ್ಸು. ಅವೂ ಬಂದರೆ ಬಂದವು. ಶನಿವಾರ ಹೊಸೂರಿನ ಮನೆಗೆ ಇಳಿಯಲು ನನಗಿದ್ದ ನಂಬಿಕೆಯ ಆಸರೆಯೆಂದರೆ ಅಕ್ಕಯಮ್ಮನ ಪಿಕಪ್ಪು. ಹಿಂದೆ ಅವರೆಕಾಯಿಯ ಮೂಟೆ, ಕೊತ್ತಂಬರಿಯ ಪಿಂಡಿ. ಮುಂದೆ ಆಕೆ, ನಾನು ಮತ್ತು ನನ್ನ ಉತ್ತರಪತ್ರಿಕೆಗಳ ಕಟ್ಟು. ನಿವೃತ್ತನಾದ ಮೇಲೂ ತಿಂಗಳಿಗೊಮ್ಮೆ ಏನಾದರೊಂದು ನೆಪ ಮಾಡಿಕೊಂಡು ಆ ಸೀಟಿನಲ್ಲಿ ಹೋಗಿ ಕೂರುತ್ತೇನೆ. ಮನೆಯವರು ಇದಕ್ಕೆ ಚಟವೆಂದು ಹೆಸರಿಟ್ಟಿದ್ದಾರೆ, ನಾನು ವಾದಕ್ಕೆ ಹೋಗುವುದಿಲ್ಲ.

ಅಕ್ಕಯಮ್ಮನಿಗೆ ಅರವತ್ತು ದಾಟಿದೆ. ಕೃಶವಾದ ದೇಹ, ಎಡಕ್ಕೆ ತುಸು ವಾಲಿದ ನಡಿಗೆ. ಸಮತಟ್ಟಾದ ರಸ್ತೆಯಲ್ಲಿಯೂ ಆಕೆ ಇಳಿಜಾರಿನಲ್ಲಿ ಇಳಿಯುವವಳಂತೆ ಹುಷಾರಾಗಿ ಹೆಜ್ಜೆ ಹಾಕುತ್ತಾಳೆ. ಸೀರೆಯ ಮೇಲೆ ಒಂದು ನೀಲಿ ಸಮವಸ್ತ್ರದ ಅಂಗಿ. ಅದು ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ತಮ್ಮ ಕುಮಾರೇಶನದು. ಎದೆಯ ಜೇಬಿನ ಮೇಲೆ ಅವನ ಹೆಸರನ್ನು ನೂಲಿನಲ್ಲಿ ಹೊಲಿದಿದೆ. ತಪಾಸಣೆಗೆ ನಿಲ್ಲಿಸಿದ ಹೊಸ ಪೊಲೀಸಿನವನೊಬ್ಬ ಅದನ್ನು ಓದಿ "ಯಾರು ಕುಮಾರೇಶ್?" ಎಂದದ್ದಕ್ಕೆ, "ನಾನೇ, ಯಾಕೆ?" ಎಂದು ತಮಿಳಿನಲ್ಲಿ ಗದರಿ ಮುಂದೆ ಹೋದವಳು. ಪೊಲೀಸರಿಗೆ ತಮಿಳು, ಮಂಡಿಯ ವರ್ತಕರಿಗೆ ತೆಲುಗು, ನೆಂಟರಿಷ್ಟರಿಗೆ ಕನ್ನಡ ಎಂದು ಆಕೆ ಭಾಷೆಗಳನ್ನು ಪಾಲು ಹಾಕಿಟ್ಟಿದ್ದಾಳೆ. ಗಾಡಿಯ ಜೊತೆಗೂ ತೆಲುಗೇ: ಏರಿನಲ್ಲಿ ಎಂಜಿನ್ನು ಬಳಲಿದಾಗ "ರಾ ತಲ್ಲೀ, ರಾ" ಎಂದು ತಾಯಿಯನ್ನು ಕರೆದಂತೆ ಕರೆಯುವ ಆ ಸಣ್ಣ ದನಿಯನ್ನು ಆಕೆ ಮನುಷ್ಯರ ಮೇಲೆ ಬಳಸಿದ್ದನ್ನು ನಾನು ಕೇಳಿಲ್ಲ. ಮತ್ತೆ, ಯಾರು ಏನೇ ಹೇಳಲಿ, ಆಕೆಯ ಉತ್ತರ ಒಂದೇ: "ನೋಡಾನ." ಮದುವೆಗೆ ಕರೆದರೂ ನೋಡಾನ, ಜಗಳಕ್ಕೆ ಕರೆದರೂ ನೋಡಾನ.

ಗಾಡಿಗಳು ಎರಡಿದ್ದವು, ಎರಡೂ ಒಂದೇ ಕಂಪನಿಯ ಒಂದೇ ಮಾದರಿ, ಎರಡೂ ಮುದಿಯಾದವು. ಮೊದಲು ಕೊಂಡದ್ದು "ಹಳೇದು"; ಕೆಲವು ವರ್ಷಗಳಾದ ಮೇಲೆ ಇನ್ನೊಬ್ಬರಿಂದ ಕೊಂಡದ್ದು "ಹೊಸ ಹಳೇದು". ಹೊಸ ಹಳೇದನ್ನು ಮುನೀಶನೆಂಬ ಚಾಲಕ ಕೆಳಗಿನ ರಸ್ತೆಯಲ್ಲಿ ಟೊಮೇಟೊ ಬೆಳೆಗಾರರಿಗೆ ಓಡಿಸುತ್ತಿದ್ದ. ಹಳೇದನ್ನು ಅಕ್ಕಯಮ್ಮ ಗುಡ್ಡಕ್ಕೆ ಹತ್ತಿಸುತ್ತಿದ್ದಳು. ಅದರ ಹಿಂದಿನ ಅಚ್ಚಿನ ಗೇರುಹಲ್ಲುಗಳು ಸವೆದು, ಏರು ಸಿಕ್ಕಿದ ಕೂಡಲೇ ಗಾಡಿ ಕೀರಲು ಸ್ವರದಲ್ಲಿ "ಊಂ…" ಎಂದು ಆರಂಭಿಸಿ, ತಿರುವಿನಿಂದ ತಿರುವಿಗೆ ಶ್ರುತಿಯೇರಿಸುತ್ತ, ಪಕ್ಕದಲ್ಲಿ ಕೂತವನಿಗೆ ತನ್ನ ಆಲೋಚನೆಯೂ ಕೇಳಿಸದಂತಾಗುವವರೆಗೂ ಬಿಡುತ್ತಿರಲಿಲ್ಲ. ಅಕ್ಕಯಮ್ಮ ಅದಕ್ಕೆ "ರಾಗ ಎಳೀತೈತೆ" ಎನ್ನುತ್ತಿದ್ದಳು. ಜೂಜುವಾಡಿಯ ಮೆಕ್ಯಾನಿಕ್ಕು ಉಮಾಶಂಕರ್ ವರ್ಷಕ್ಕೆರಡು ಸಲವಾದರೂ "ಹಲ್ಲು ಬದಲಾಯಿಸ್ಕೊಡ್ತೀನಿ ಅಕ್ಕಾ" ಎಂದು ಅಂಗಲಾಚುತ್ತಿದ್ದ. ಉತ್ತರ ನಿಮಗೆ ಗೊತ್ತೇ ಇದೆ.

ಕಳೆದ ವರ್ಷ ಮುನೀಶನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಬೇರೆ ಚಾಲಕ ಸಿಗಲಿಲ್ಲ. ಒಬ್ಬಳು ಎರಡು ಗಾಡಿ ಓಡಿಸಲಾಗುವುದಿಲ್ಲ, ನಿಂತ ಗಾಡಿ ತುಕ್ಕಿಗೆ ಆಹಾರ, ಒಂದನ್ನು ಕೊಟ್ಟುಬಿಡಬೇಕು. ಯಾವುದನ್ನು? ಉಮಾಶಂಕರ್ ಹಳೇದನ್ನು ಗುಂಡಿಯ ಮೇಲೆ ನಿಲ್ಲಿಸಿ, ಅಡಿಯಿಂದ ಸ್ಕ್ರೂಡ್ರೈವರು ಒತ್ತಿ ತೋರಿಸಿದ. ನಾಲ್ಕು ಕಡೆ ಬೆಸುಗೆ ಕಂಡಿದ್ದ ಚಾಸಿಯೊಳಕ್ಕೆ ಅದು ಹಲಸಿನ ಹಣ್ಣಿಗೆ ಬೆರಳಿಟ್ಟಂತೆ ಇಳಿಯಿತು.

"ಬಯಲಲ್ಲಿ ಹೆಂಗೋ ಓಡ್ತದೆ. ಬೆಟ್ಟಕ್ಕೆ ಇದು ಇನ್ನು ಬ್ಯಾಡಕ್ಕಾ, ಕಾಲಿಗೆ ಬೀಳ್ತೀನಿ," ಎಂದ. ಅವನ ದನಿಯಲ್ಲಿ ವ್ಯಾಪಾರವಿರಲಿಲ್ಲ, ಹೆದರಿಕೆಯಿತ್ತು.

ತಾನು ಓಡಿಸಲು ಕಲಿತ ಗಾಡಿಯೆಂದು ಅಕ್ಕಯಮ್ಮ ಕಣ್ಣೀರು ಹಾಕುವಳೆಂದು ನಾನು ಎಣಿಸಿದ್ದೆ. ನನ್ನ ಎಣಿಕೆಗಳು ಆಕೆಯ ವಿಷಯದಲ್ಲಿ ಒಮ್ಮೆಯೂ ನಿಜವಾಗಿಲ್ಲ. "ತಗಡಿಗೆ ಯಾರಾದ್ರೂ ಅಳ್ತಾರಾ?" ಎಂದಳು. "ಹೊಸ ಹಳೇದನ್ನ ಒಂದು ವಾರ ಗುಡ್ಡಕ್ಕೆ ಹತ್ತಿಸಿ ನೋಡಾನ. ಹತ್ತಿದ್ರೆ ಅದು ಇರ್ಲಿ."

ಹತ್ತಿತು. ಬೆಣ್ಣೆಯ ಹಾಗೆ ಹತ್ತಿತು. ಆದರೆ ದಿನವೂ ರಸ್ತೆಯಂಚಿನಲ್ಲಿ ಮೂಟೆಯಿಟ್ಟುಕೊಂಡು ನಿಂತಿರುತ್ತಿದ್ದ ಜನರಲ್ಲಿ ಒಬ್ಬರೂ ಕಾಣಲಿಲ್ಲ. ಅಕ್ಕಯಮ್ಮ ಹಾರ್ನು ಮಾಡಿದಳು. ಕಲ್ಲಿನ ಲಾರಿಗಳು ಹಗಲೆಲ್ಲ ತಿರುವು ತಿರುವಿಗೂ ಹಾರ್ನು ಮಾಡುವ ಆ ದಾರಿಯಲ್ಲಿ ಯಾರು ಅದಕ್ಕೆ ತಲೆಯೆತ್ತುತ್ತಾರೆ? ಫೋನು ಮಾಡೋಣವೆಂದರೆ ಗುಡ್ಡದ ಮಡಿಲಿನಲ್ಲಿ ಸಿಗ್ನಲ್ಲೆಂಬುದು ಸಿಕ್ಕದ ವಸ್ತು. ಎರಡನೆಯ ದಿನವೂ ಅದೇ, ಮೂರನೆಯ ದಿನವೂ ಅದೇ. ಖಾಲಿ ಗಾಡಿ ಇಳಿಸಿಕೊಂಡು ಬಂದ ಅಕ್ಕಯಮ್ಮ, ಜನ ತನ್ನನ್ನು ಬಿಟ್ಟು ಬೇರೆ ಯಾರನ್ನೋ ಹಿಡಿದಿದ್ದಾರೆಂದು ತಿಳಿದು ಮುಖ ಸಣ್ಣಗೆ ಮಾಡಿಕೊಂಡಳು. ಬಾಯಿ ಬಿಟ್ಟು ಯಾರನ್ನೂ ಕೇಳಲಿಲ್ಲ, ಅದು ಆಕೆಯ ಹಟ.

ಆರನೆಯ ದಿನ ಪಾಪಮ್ಮ ಬಂದಳು. ಗುಡ್ಡದ ಮೇಲೆ ಒಂದು ಸಣ್ಣ ಬಾವಿಯನ್ನು ನೆಚ್ಚಿಕೊಂಡು ಕೊತ್ತಂಬರಿ ಬೆಳೆಯುವ ವಿಧವೆ. ಎಂಟು ಮೈಲಿ ನಡೆದು ಬಂದಿದ್ದಳು, ಕೈಯಲ್ಲಿ ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ಮುಡಿಪು, ಒಂದು ಹಿಡಿ ತುಳಸಿ. ಅಕ್ಕಯಮ್ಮ ಅಂಗಳದಲ್ಲಿ ಗಾಡಿ ತೊಳೆಯುತ್ತಿದ್ದಳು. ಪಾಪಮ್ಮ ಬಾಗಿಲಲ್ಲೇ ಕಲ್ಲಾದಳು.

"ಅಯ್ಯೋ ಅಕ್ಕಯ್ಯಾ, ಸಾಯಕ್ಕೆ ಬಿದ್ದಿದ್ದೀಯ ಅಂತ ಮಾದಪ್ಪಂಗೆ ಹರಸ್ಕೊಂಡು ಬಂದ್ರೆ, ನೀನು ಇಲ್ಲಿ ಗುಂಡ್ಕಲ್ಲಂಗೆ ನಿಂತಿದ್ದೀಯಲ್ಲೇ! ಯಾಕೆ ಗುಡ್ಡಕ್ಕೆ ಬರ್ಲಿಲ್ಲ ನೀನು?"

"ದಿನಾ ಬಂದಿದ್ದೀನಿ ಕಣೇ!"

"ಎಲ್ಲಿ ಬಂದೆ? ನಾನು ಅವರೆ ಸಾಲಲ್ಲೇ ನಿಂತಿದ್ದೆ. ಯಾವ್ದೋ ಗಾಡಿ ಹೋಯ್ತು, ಬಂತು. ನಿನ್ನ ರಾಗ ಎಲ್ಲಿ ಬಂತು?"

ಆಗ ಗೊತ್ತಾಯಿತು. ಅಷ್ಟು ವರ್ಷ ಆ ಗುಡ್ಡ ಗಡಿಯಾರ ನೋಡಿರಲಿಲ್ಲ. ಹಳೇ ಗಾಡಿಯ ಕೀರಲು ದನಿ ಕಣಿವೆಯಾಚೆ ಎದ್ದ ಕೂಡಲೇ ಹೆಂಗಸರು ಕುಡುಗೋಲು ಹಿಡಿದು ಸೊಪ್ಪು ಕುಯ್ಯುತ್ತಿದ್ದರು; ಮೊದಲೇ ಕುಯ್ದಿಟ್ಟರೆ ಸೊಪ್ಪು ಬಾಡುತ್ತದೆ, ತಡವಾದರೆ ಗಾಡಿ ಹೋಗುತ್ತದೆ. ಈ ವಾರ ದನಿ ಬರಲಿಲ್ಲ, ಕುಯ್ಯಲಿಲ್ಲ. ಹನ್ನೊಂದು ಮನೆಯ ಬಲಿತ ಮಡಿಗಳ ಕೊತ್ತಂಬರಿ ಹೂಬಿಟ್ಟು ನಿಂತಿತ್ತು, ಹೂಬಿಟ್ಟ ಸೊಪ್ಪನ್ನು ಯಾರೂ ಕೊಳ್ಳುವುದಿಲ್ಲ. ಇಷ್ಟು ಜನ ಇಷ್ಟು ಕಾಲ ಮಾಡಿಕೊಂಡು ಬಂದ ಈ ಏರ್ಪಾಟನ್ನು ಒಬ್ಬರೂ ಅಕ್ಕಯಮ್ಮನಿಗೆ ಹೇಳಿರಲಿಲ್ಲ. ಆಕೆಗೆ ಗೊತ್ತಿಲ್ಲವೆಂಬುದೇ ಅವರಿಗೆ ಗೊತ್ತಿರಲಿಲ್ಲ.

ಆಕೆಯ ಮುಂದೆ ಈಗ ಕಠಿಣವಾದ ಆಯ್ಕೆಯೇ ನಿಂತಿತ್ತು. ಹಳೇದನ್ನು ಉಳಿಸಿಕೊಂಡರೆ ಯಾವತ್ತೋ ಒಂದು ದಿನ ತಿರುವಿನಲ್ಲಿ ಪ್ರಾಣ ಹೋಗಬಹುದು. ಹೊಸ ಹಳೇದನ್ನು ಉಳಿಸಿಕೊಂಡರೆ ಗುಡ್ಡದವರ ಬದುಕು ಹೋಗುತ್ತದೆ. ಗಂಟೆ ಕಟ್ಟಿಸು, ಮೈಕು ಹಾಕಿಸು ಎಂದು ನಾನೂ ನನ್ನ ಬುದ್ಧಿಗೆ ತೋಚಿದ್ದನ್ನೆಲ್ಲ ಹೇಳಿದೆ. ಎಲ್ಲಕ್ಕೂ "ನೋಡಾನ" ಎಂದಳು.

ಶನಿವಾರ ರಾತ್ರಿ ನನಗೆ ಕರೆ ಬಂತು. "ಬೆಳಿಗ್ಗೆ ಬಂದ್ಬುಡಿ ಮೇಷ್ಟ್ರೇ. ಒಂದು ಕೆಲಸ ಐತೆ." ಭಾನುವಾರ ಮುನೀಶನಿಗೆ ರಜೆ. ಅವನ ಕೈಗೆ ಹಳೇ ಗಾಡಿಯ ಕೀಲಿ ಕೊಟ್ಟು, ಖಾಲಿ ಗಾಡಿ, ನಿಧಾನವಾಗಿ ಹತ್ತಿಸು ಎಂದು ಹೇಳಿ, ಅಕ್ಕಯಮ್ಮ ನನ್ನೊಡನೆ ಬಸ್ಸಿನಲ್ಲಿ ಗುಡ್ಡಕ್ಕೆ ಹೋಗಿ ಪಾಪಮ್ಮನ ಹೊಲದ ನಡುವೆ ನಿಂತಳು. ಗುಡ್ಡದವರು ಹೇಗೆ ಕೇಳುತ್ತಾರೋ ಹಾಗೆಯೇ ತಾನೂ ಕೇಳಬೇಕೆಂದು ಆಕೆಯ ಹಂಬಲ. ಎರಡು ದಶಕ ಆ ಗಾಡಿಯೊಳಗೆ ಕೂತವಳು, ಅದು ಬರುವುದನ್ನು ಹೊರಗೆ ನಿಂತು ಒಮ್ಮೆಯೂ ಕೇಳಿರಲಿಲ್ಲ.

ಬಹಳ ಹೊತ್ತು ಏನೂ ಇರಲಿಲ್ಲ. ಹಕ್ಕಿಗಳು, ಗಾಳಿ, ದೂರದಲ್ಲೊಂದು ಕಲ್ಲು ಒಡೆಯುವ ಸದ್ದು. ಆಮೇಲೆ ಪಾಪಮ್ಮ ಕತ್ತು ಓರೆ ಮಾಡಿದಳು. ನನಗೆ ಕೇಳಿಸಲಿಲ್ಲ. "ಈಗ ಮೋರಿ ದಾಟ್ತು," ಎಂದಳು. ಆಗ ನನಗೂ ಕೇಳಿಸಿತು: ಎಳೆಯಷ್ಟು ಸಣ್ಣಗೆ, ಎಲ್ಲಿಂದಲೋ, ಗುಡ್ಡಗಳ ಒಡಲಿನಿಂದಲೇ ಎದ್ದಂತೆ, ನನ್ನ ಕಿವಿಯ ಪಕ್ಕದಲ್ಲಿ ಕರ್ಕಶವಾಗಿದ್ದ ಆ ದನಿ ಇಲ್ಲಿ ಕಣಿವೆಯ ತುಂಬ ಹರಡಿಕೊಂಡು ಬರುತ್ತಿತ್ತು. "ಈಗ ಆಲದ ಮರ. ಈಗ ಸೊಪ್ಪು ಕುಯ್ಯಕ್ಕೆ ಬಗ್ಗೋದು." ಆಚೆ ಹೊಲದಲ್ಲಿ, ಈಚೆ ದಿಬ್ಬದಲ್ಲಿ, ಪರೀಕ್ಷೆಯ ಸಂಗತಿಯೇ ತಿಳಿಯದ ಹೆಂಗಸರು ಒಬ್ಬೊಬ್ಬರಾಗಿ ತಲೆಯೆತ್ತಿ, ಸೆರಗು ಸಿಕ್ಕಿಸಿ, ಬಗ್ಗಿದರು.

ಅಕ್ಕಯಮ್ಮನ ಕಣ್ಣಲ್ಲಿ ನೀರಿತ್ತು. "ಇಷ್ಟು ದೂರದಿಂದ ನನ್ನ ಕೇಳ್ತಿದ್ರಾ?" ಎಂದಳು, ಯಾರನ್ನೂ ನೋಡದೆ.

ಬಗ್ಗಿದ್ದವರನ್ನು ಕೂಗಿ ಎಲ್ಲವನ್ನೂ ತಿಳಿಸಿ, ಅವರಿಂದ ಬೈಸಿಕೊಂಡು, ಹಾಗೇ ಜೂಜುವಾಡಿಗೆ ಇಳಿದಳು. ಉಮಾಶಂಕರನ ಮುಂದೆ ಎರಡೂ ಗಾಡಿಗಳನ್ನು ಅಕ್ಕಪಕ್ಕ ನಿಲ್ಲಿಸಿದಳು.

"ಹೊಸ ಹಳೇದನ್ನ ಇಟ್ಕೊತೀನಿ ಕಣಪ್ಪ. ಆದ್ರೆ ಅದರ ಹಿಂದಿನ ಅಚ್ಚು ಬಿಚ್ಚಿ, ಹಳೇದರದ್ದು ಹಾಕು."

ಅವನು ನನ್ನ ಮುಖ ನೋಡಿದ. "ಅಕ್ಕಾ, ಅದರ ಹಲ್ಲು ಸವೆದಿದೆ. ಚೆನ್ನಾಗಿರೋದನ್ನ ಬಿಚ್ಚಿ ಕೆಟ್ಟಿರೋದನ್ನ ಹಾಕು ಅಂತ ನನ್ನ ಸರ್ವೀಸಲ್ಲೇ ಯಾರೂ ಕೇಳಿಲ್ಲ. ಇನ್ನೊಂದೆರಡು ವರ್ಷಕ್ಕೆ ಅವು ಉದುರಿ ಹೋಗ್ತವೆ."

"ನನ್ನವೂ ಉದುರ್ತವೆ. ಒಳ್ಳೇದನ್ನ ಗೋಣಿಚೀಲದಲ್ಲಿ ಸುತ್ತಿಡು. ಅಷ್ಟರೊಳಗೆ ಗುಡ್ಡದವರು ಹೊಸ ಸದ್ದು ಕಲ್ತ್ಕೊತಾರೆ, ನಾನು ಕಲಿಸ್ತೀನಿ. ಒಂದೇ ದಿನಕ್ಕೆ ಕಲೀರಿ ಅಂದ್ರೆ ಆಗ್ತದಾ? ಏನ್ ಮೇಷ್ಟ್ರೇ?"

ಮೂವತ್ತೆರಡು ವರ್ಷ ಪಾಠ ಹೇಳಿದ ನಾನು ತಲೆ ತಗ್ಗಿಸಿದೆ. ಉಮಾಶಂಕರ್ ಜಾಕು ತಂದ. ಕೆಲಸ ಮುಗಿಯಲು ಎರಡು ದಿನ ಹಿಡಿಯಿತು. ಹಳೇ ಗಾಡಿಯನ್ನು ಬಿಡಿಭಾಗಗಳಿಗಾಗಿ ಅವನೇ ಕೊಂಡ. ಬುಧವಾರ ಬೆಳಿಗ್ಗೆ ಹೊಸ ಹಳೇದು ರಾಗ ಎಳೆಯುತ್ತ ಗುಡ್ಡ ಹತ್ತಿದಾಗ ನಾನು ಪಕ್ಕದಲ್ಲಿದ್ದೆ. ಮೊದಲ ತಿರುವಿನಲ್ಲಿ ಯಾರೂ ಇರಲಿಲ್ಲ. ಎರಡನೆಯದರಲ್ಲಿ ಯಾರೂ ಇರಲಿಲ್ಲ. ಅಕ್ಕಯಮ್ಮನ ಕೈ ಸ್ಟೀರಿಂಗಿನ ಮೇಲೆ ಬಿಗಿಯಾಯಿತು. ಮೂರನೆಯದನ್ನು ದಾಟಿದರೆ ಏಳು ಜನ, ಒಬ್ಬೊಬ್ಬರ ಕಾಲ ಬಳಿಯೂ ಆಗ ತಾನೇ ಕುಯ್ದ, ಇನ್ನೂ ಇಬ್ಬನಿ ಆರದ ಸೊಪ್ಪಿನ ಪಿಂಡಿ. ಎಲ್ಲರಿಗಿಂತ ಮುಂದೆ ಪಾಪಮ್ಮ, ಸೊಂಟದ ಮೇಲೆ ಕೈಯಿಟ್ಟುಕೊಂಡು.

"ಬಂದ್ಯಾ?" ಎಂದಳು. ಅಕ್ಕಯಮ್ಮ "ಹೂಂ, ಬಂದೆ," ಎಂದಳು. ಅಷ್ಟೇ ಮಾತು.

ದುಡಿದು ತಿನ್ನುವವರು, ಕೊಟ್ಟ ಮಾತಿಗೆ ತಪ್ಪದವರು, ಕೇಳಿದರೆ ಇಲ್ಲವೆನ್ನದವರು ನಮ್ಮ ಸೀಮೆಯಲ್ಲಿ ಇನ್ನೂ ಬೇಕಾದಷ್ಟು ಜನರಿದ್ದಾರೆ. ಅವರನ್ನೆಲ್ಲ ನಾನು ಗೌರವಿಸುತ್ತೇನೆ. ಆದರೆ ಅಕ್ಕಯಮ್ಮನಂಥವರ ಜಾತಿಯೇ ಬೇರೆ. ನಾವು ಬಹುಮಂದಿ ನಮ್ಮ ಸೀಟಿನಲ್ಲಿ ಕೂತೇ ಆಯುಷ್ಯ ಕಳೆಯುತ್ತೇವೆ, ನಮ್ಮ ಬರವು ಇನ್ನೊಬ್ಬರಿಗೆ ಏನಾಗಿದೆಯೆಂದು ತಿಳಿಯುವುದೇ ಇಲ್ಲ. ತಿಳಿದರೂ ಅವರೇ ಹೊಂದಿಕೊಳ್ಳಲಿ ಎನ್ನುತ್ತೇವೆ. ಇಂಥವರು ಸೀಟಿನಿಂದಿಳಿದು, ತಮಗಾಗಿ ಕಾಯುವವರ ಹೊಲಕ್ಕೆ ನಡೆದುಹೋಗಿ, ಅವರ ಪಕ್ಕದಲ್ಲಿ ನಿಂತು ತಮ್ಮನ್ನು ತಾವೇ ಕಾಯುತ್ತಾರೆ. ಅಲ್ಲಿ ಕೇಳಿಸಿದ್ದನ್ನು ಮತ್ತೆಂದೂ ಮರೆಯುವುದಿಲ್ಲ.