ಸೆನ್ಸರು ಜಾಗ ಬದಲಿಸಿದ ಶನಿವಾರ

ಗುರುಕಿರಣನಿಗೆ ಸ್ನಾಯುಗಳು ಒಂದೊಂದಾಗಿ ಸಾಯುವ ಆ ರೋಗವಿದೆ ಎಂದು ತಿಳಿದು ಹದಿನಾಲ್ಕು ತಿಂಗಳಾಗಿತ್ತು. ಮೊದಲು ಬೆರಳು ಹೋದವು, ಆಮೇಲೆ ಕಾಲು. ಈಗ ನಾಲಿಗೆಯೂ ತೊದಲುತ್ತಿತ್ತು. ಅವನ ಮಾತು ಪೂರ್ತಿ ಅರ್ಥವಾಗುತ್ತಿದ್ದದ್ದು ಹೆಂಡತಿ ಸ್ನೇಹಲ್‌ಗೆ ಮಾತ್ರ. ಹದಿನೈದು ವರ್ಷದ ಮಗಳು ಲಾಸ್ಯಾಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಅವಳು ಊಹಿಸುತ್ತಿದ್ದಳು.

ಸ್ಯಾನ್ ಮಟಿಯೋದ ಅವರ ಮನೆಯ ಗರಾಜಿನಲ್ಲಿ ಎರಡು ಸೀಟಿನ ಹಳೆಯ ಕಾರೊಂದಿತ್ತು. ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಓದಿ, ಇಲ್ಲಿಗೆ ಬಂದು ಇಪ್ಪತ್ತು ವರ್ಷ ಸ್ಕ್ರೀನಿನ ಮುಂದೆ ಕೂತ ಗುರು ಕೈಗೆ ಗ್ರೀಸು ಹತ್ತಿಸಿಕೊಳ್ಳುತ್ತಿದ್ದದ್ದು ಅದೊಂದರಲ್ಲೇ. ಆ ಕಾರಿಗೊಂದು ಐಬು ಇತ್ತು. ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ತೆವಳಿತೆಂದರೆ, ಆಮೇಲೆ ರಸ್ತೆ ಖಾಲಿಯಿದ್ದರೂ ಎಂಜಿನ್ನು ಮಂಕಾಗಿ ಎಳೆಯುತ್ತಿತ್ತು. ಒಳಹೋಗುವ ಗಾಳಿ ಎಷ್ಟು ಬಿಸಿಯಿದೆ ಎಂದು ಅಳೆಯುವ ಸೆನ್ಸರು ಕಾದ ಲೋಹಕ್ಕೆ ತಾಗಿಕೊಂಡಿದ್ದರಿಂದ ಗಾಳಿಯ ಬದಲು ಲೋಹದ ಬಿಸಿಯನ್ನೇ ಹೇಳುತ್ತಿತ್ತು. ಕಾರಿನ ಕಂಪ್ಯೂಟರು ಅದನ್ನು ನಂಬಿ ಎಂಜಿನ್ನಿನ ಬಲ ತಗ್ಗಿಸುತ್ತಿತ್ತು. ಸೆನ್ಸರನ್ನು ಮುಂದಕ್ಕೆ, ತಣ್ಣನೆಯ ಗಾಳಿ ಬರುವ ಪ್ಲಾಸ್ಟಿಕ್ ಕೊಳವೆಗೆ ಸರಿಸಬೇಕಿತ್ತು. ಅದಕ್ಕೆ ಬೇಕಾದ ವೈರು, ರಬ್ಬರಿನ ಬಳೆ ಎಲ್ಲ ತಂದಿಟ್ಟು ಎರಡು ವರ್ಷವಾಗಿತ್ತು.

"ಶನಿವಾರ ಮಾಡೋಣು," ಎಂದ ಗುರು.

"ಯಾರು?"

"ನೀ. ದಿನಾ ಮಂದಿ ಹಲ್ಲು ಕೊರೀತಿ. ಪೈಪು ಏನ್ ದೊಡ್ಡದು?"

ಸ್ನೇಹಲ್ ದಂತವೈದ್ಯೆ. ಕಾರುಗಳೆಂದರೆ ಅವಳಿಗೆ ಯಾವತ್ತೂ ಅಷ್ಟಕ್ಕಷ್ಟೇ. ಆದರೆ ಅವನು ಏನನ್ನಾದರೂ ಬೇಕೆಂದು ಕೇಳಿ ತಿಂಗಳುಗಳೇ ಆಗಿದ್ದವು.

ಶನಿವಾರ ಬೆಳಿಗ್ಗೆ ಗಾಲಿಕುರ್ಚಿಯನ್ನು ಬಾನೆಟ್ಟಿನ ಪಕ್ಕಕ್ಕೆ ತಂದು, ಅವನ ಕುತ್ತಿಗೆಗೆ ಆಸರೆಯ ಪಟ್ಟಿ ಕಟ್ಟಿ, ಅವಳು ಕೆಲಸ ಶುರುಮಾಡಿದಳು. ಬ್ಯಾಟರಿ ಬಿಚ್ಚಿದಳು. ಸೆನ್ಸರು ಎರಡು ಸಲ ಜಾರಿ ಎಂಜಿನ್ನಿನ ಸಂದಿಗೆ ಬಿತ್ತು.

"ಅಲ್ಲಲ್ಲ. ಇನ್ನೂ ತೆಳಗ," ಎನ್ನುತ್ತಿದ್ದ ಗುರು. ತೋರಿಸಲು ಕೈ ಏಳದೆ, ಕಣ್ಣಿನಿಂದಲೇ ದಿಕ್ಕು ಹೇಳುತ್ತಿದ್ದ. ಅವಳು ತಪ್ಪು ಕಡೆ ಕೈ ಹಾಕಿದಾಗ ಅವನ ಮುಖ ಸಿಟ್ಟಿನಿಂದ ಕೆಂಪಾಗುತ್ತಿತ್ತು. ಎರಡೇ ನಿಮಿಷದ ಕೆಲಸ ಅದು, ಅವನಿಗೆ ಕೈಯಿದ್ದಾಗ.

ಕೊಳವೆಗೆ ಮಾತ್ರ ಅವಳು ಒಂದೇ ಏಟಿಗೆ ನುಣುಪಾದ ತೂತು ಕೊರೆದಳು.

"ಶಾಬ್ಬಾಸ್."

"ಹಿಂಗ ಮಾಡಿದ್ರ ಹೊಗಿ ತಪಾಸಣಿ ಮಾಡೋ ಸ್ಮಾಗ್ ಚೆಕ್ಕಿನವರು ಬಿಡ್ತಾರೇನು?"

"ಮುಂದಿನ ಚೆಕ್ಕು ಎರಡ ವರ್ಷಕ್ಕ," ಎಂದ ಗುರು. "ಆಗ ನೀ ನೋಡ್ಕೋ."

ಅವಳು ತಲೆ ಎತ್ತದೆ ವೈರಿಗೆ ಟೇಪು ಸುತ್ತಿದಳು.

ಮಧ್ಯಾಹ್ನ ಪಕ್ಕದ ಮನೆಯ ಅಚ್ಯುತ ಬಂದ. ಮೈಸೂರಿನವನು, ಗುರುವಿನ ಹಳೆಯ ಗೆಳೆಯ. ಇಬ್ಬರೂ ಸೇರಿ ಗುರುವನ್ನು ಎತ್ತಿ, ನೆಲಕ್ಕೆ ಹತ್ತಿದಂತಿದ್ದ ಆ ಸೀಟಿನಲ್ಲಿ ಕೂರಿಸಿದರು.

"ಸೀಟು ತುಂಬಾ ಕೆಳಗಾಯ್ತೇನೋ ಸ್ನೇಹಲ್. ನಾನು ವ್ಯಾನ್ ತಗೊಂಡು ಹಿಂದೆ ಬರ್ಲಾ?"

"ಬ್ಯಾಡ," ಎಂದ ಗುರು. ಅದು ಅಚ್ಯುತನಿಗೂ ಅರ್ಥವಾಯಿತು.

ಸಮುದ್ರದ ಕಡೆ ಹೋಗುವ ಶನಿವಾರದ ಜನವೆಲ್ಲ ತೊಂಬತ್ತೆರಡನೇ ನಂಬರಿನ ಹೆದ್ದಾರಿಯ ಮೇಲಿತ್ತು. ಇಪ್ಪತ್ತೈದು ನಿಮಿಷ ತೆವಳಿದರು. ಗುರುವಿಗೆ ಬೇಕಿದ್ದದ್ದೂ ಅದೇ. ಡ್ಯಾಶ್‌ಬೋರ್ಡಿಗೆ ಸಿಕ್ಕಿಸಿದ ಫೋನಿನಲ್ಲಿ ಗಾಳಿಯ ಬಿಸಿ ಕಾಣುತ್ತಿತ್ತು. ಮೊದಲಾಗಿದ್ದರೆ ಈ ಹೊತ್ತಿಗೆ ನೂರನಲವತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿರುತ್ತಿತ್ತು. ಈಗ ಎಪ್ಪತ್ತಾರು.

ಇನ್ನೂರ ಎಂಬತ್ತನೇ ನಂಬರಿನ ಫ್ರೀವೇಗೆ ತಿರುಗಿದ ಕೂಡಲೇ ರಸ್ತೆ ಬಿಚ್ಚಿಕೊಂಡಿತು. ಸ್ನೇಹಲ್ ಗೇರು ಇಳಿಸಿ ಕಾಲೊತ್ತಿದಳು. ಕಾರು ಒಂದಿಷ್ಟೂ ತಡೆಯದೆ ಮುಂದಕ್ಕೆ ಚಿಮ್ಮಿತು. ಬೆನ್ನು ಸೀಟಿಗೆ ಒತ್ತಿದ್ದು ಅವಳಿಗೇ ತಿಳಿಯಿತು.

"ಗುರು! ಗೊತ್ತಾತೇನು?"

ಪಕ್ಕದಿಂದ ಒಂದು ಸದ್ದು ಬಂತು. ಅವನು ನಗುತ್ತಿದ್ದಾನೆಂದುಕೊಂಡು ಅವಳೂ ನಕ್ಕಳು, ಇನ್ನಷ್ಟು ಕಾಲೊತ್ತಿದಳು. ಸದ್ದು ನಿಲ್ಲದಿದ್ದಾಗ ತಿರುಗಿ ನೋಡಿದಳು. ಅವನು ಸೀಟಿನಲ್ಲಿ ಕೆಳಕ್ಕೆ ಜಾರಿ, ಗದ್ದ ಎದೆಗೆ ಒತ್ತಿ, ಉಸಿರಿಗಾಗಿ ಎಳೆದಾಡುತ್ತಿದ್ದ. ತುಟಿ ನೀಲಿಯಾಗಿತ್ತು.

ರಸ್ತೆಯ ಅಂಚಿಗೆ ನಿಲ್ಲಿಸಿ, ಆ ಕಡೆಯ ಬಾಗಿಲು ತೆಗೆದು, ಮಣ್ಣಿನಲ್ಲಿ ಮಂಡಿಯೂರಿ, ಕಂಕುಳಲ್ಲಿ ಕೈಹಾಕಿ ಅವನನ್ನು ನೆಟ್ಟಗೆ ಎತ್ತಿ ಹಿಡಿದಳು. ಸಡಿಲಿಸಿದರೆ ಮತ್ತೆ ಜಾರುತ್ತಿದ್ದ. ಅಚ್ಯುತನಿಗೆ ಒಂದು ಕೈಯಿಂದ ಫೋನು ಮಾಡಿ, ಹಾಗೇ ಹಿಡಿದುಕೊಂಡಿದ್ದಳು. ಆಂಬ್ಯುಲೆನ್ಸು ಕರೆಯುತ್ತೇನೆಂದರೆ ಅವನು ಕಣ್ಣಿನಲ್ಲೇ ಬೇಡವೆಂದ. ನಿಧಾನಕ್ಕೆ ತುಟಿಗೆ ಬಣ್ಣ ಬಂತು.

"ನನಗ... ಏನೂ ಗೊತ್ತಾಗಲಿಲ್ಲ," ಎಂದ. "ಉಸರಽ ಎಣಸಾಕತ್ತಿದ್ದೆ."

"ಎಳೀತು, ಗುರು. ಭಾಳ ಛಲೋ ಎಳೀತು."

ಅವನು ಕಣ್ಣು ಮುಚ್ಚಿದ. ಕಾರುಗಳು ಒಂದರ ಹಿಂದೊಂದು ಸುಂಯ್ಯನೆ ಹೋಗುತ್ತಿದ್ದವು. ಅವಳು ಹಿಡಿತ ಬಿಗಿಮಾಡಿದಳು.

ಅಚ್ಯುತ ಅವರನ್ನು ವ್ಯಾನಿನಲ್ಲಿ ಮನೆಗೆ ಬಿಟ್ಟು, ಆಮೇಲೆ ಹೋಗಿ ಕಾರನ್ನು ತಂದ. "ಬೇರೆ ಕಾರೇ ಆಗೋಗಿದೆ ಗುರು! ಸೂಪರ್!" ಎಂದ. ಯಾರದೋ ಮನೆಯ ಸುದ್ದಿ ಕೇಳಿದವನಂತೆ ಗುರು ರೆಪ್ಪೆ ಆಡಿಸಿದ. ಲಾಸ್ಯಾ ಬಾಗಿಲಲ್ಲಿ ನಿಂತು, "So it worked?" ಎಂದಳು.

ಸೋಮವಾರ ಡಾಕ್ಟರು ರಾತ್ರಿ ಹಾಕುತ್ತಿದ್ದ ಉಸಿರಾಟದ ಯಂತ್ರದ ಮಾಸ್ಕು ಇನ್ನುಮುಂದೆ ಹಗಲೂ ಬೇಕೆಂದರು. ಉಸಿರಿನ ಶಕ್ತಿ ಮೂರನೇ ಒಂದು ಪಾಲಿಗೆ ಇಳಿದಿತ್ತು. ಕಾರಿನ ಸೆನ್ಸರಿನಂತೆ ಏನನ್ನೋ ಸರಿಸಿ ಆ ಅಂಕಿಯನ್ನು ಬದಲಿಸುವಂತಿರಲಿಲ್ಲ.

ಮುಂದಿನ ಶನಿವಾರ ಸ್ನೇಹಲ್, "ಇವತ್ತ ಕಾರಿಗೆ ಏನ್ ಮಾಡೋಣು?" ಎಂದು ಕೇಳಿದಳು. ಕಾರಿಗೆ ಮಾಡಬೇಕಾದ ಕೆಲಸಗಳ ಉದ್ದದ ಪಟ್ಟಿ ಅವನ ಬಳಿ ಇನ್ನೂ ಇತ್ತು ಎಂದು ಅವಳಿಗೆ ಗೊತ್ತಿತ್ತು.

ಮಾಸ್ಕಿನೊಳಗಿಂದ ಅವನು ಏನೋ ಹೇಳಿದ. ಅವಳು ಬಗ್ಗಿ ಕಿವಿಯಿಟ್ಟಳು. ಮೊದಲ ಬಾರಿಗೆ, ಅವಳಿಗೂ ಅರ್ಥವಾಗಲಿಲ್ಲ.