ಮಾಸ್ತರರ ತೂತುಗಲ್ಲು

ಶಶಿಕುಮಾರ ಮಾಸ್ತರರು ತೀರಿಕೊಂಡ ಸುದ್ದಿ ಬಂದಾಗ ಮೈಲಾರಪ್ಪ ಅವರದೇ ಹಿತ್ತಲಿನಲ್ಲಿ, ಅವರು ಬೇಡವೆಂದ ಕೆಲಸವನ್ನೇ ಮಾಡುತ್ತಿದ್ದ. ಗೆಳೆಯ ಆಸ್ಪತ್ರೆಯಿಂದ ನೆಟ್ಟಗೆ ಮನೆಗೆ ಬರಲೆಂದು ತೂತುಗಲ್ಲಿಗೆ ಕುಂಕುಮ ಹಚ್ಚುತ್ತಿದ್ದ.

"ಮೈಲಾರಣ್ಣಾ, ಸತ್ತೂರ ದವಾಖಾನಿಯಿಂದ ಫೋನ್ ಬಂತು. ಇವರು ಹೋದ್ರಂತ," ಎಂದು ಮಾಸ್ತರರ ಹೆಂಡತಿ ಪ್ರಭಾವತಿ ಬಾಗಿಲಿಂದಲೇ ಕೂಗಿದಳು. ಅವನ ಬೆರಳು ಕಲ್ಲಿನ ಮೇಲೇ ನಿಂತಿತು.

ಮಾಸ್ತರರು ಭೂಗೋಳ ಕಲಿಸಿದ ಶಾಲೆಯಲ್ಲಿ ಮೈಲಾರಪ್ಪ ಗಂಟೆ ಬಾರಿಸಿದವನು. ನಿವೃತ್ತರಾದ ವರ್ಷ ಮಾಸ್ತರರು ಶಿಕ್ಷಕರ ತಂಡದೊಡನೆ ಚೀನಾಕ್ಕೆ ಹೋಗಿ, ಅಲ್ಲಿನ ಹಳೆಯ ಪಂಡಿತರ ತೋಟವೊಂದನ್ನು ನೋಡಿ ಬಂದರು. ಬಂದವರೇ ಮಾಳಮಡ್ಡಿಯ ಮನೆಯ ಹಿತ್ತಲಿನ ಬದನೆಗಿಡ ಕೀಳಿಸಿದರು. ಎಮ್ಮೆ ಮಲಗುವಷ್ಟು ಕೊಳ, ಅದರ ಮೇಲೆ ಮೂರು ಸಲ ಹೊರಳುವ ಸೇತುವೆ, ಆಚೆ ದಂಡೆಗೆ, ಆ ಪಂಡಿತರು ಚಂದಕ್ಕೆ ನಿಲ್ಲಿಸುತ್ತಿದ್ದಂಥ, ಮೈತುಂಬ ತೂತುಬಿದ್ದ ಆಳೆತ್ತರದ ತೂತುಗಲ್ಲು.

"ಎರಡ ಹೆಜ್ಜಿ ಕೊಳಕ್ಕ ಇಷ್ಟ ಸೊಟ್ಟ ಸೇತುವಿ ಯಾಕ್ರಿ ಮಾಸ್ತರ?"

"ಸೀದಾ ಹೋದ್ರ ಲಗೂ ಮುಗೀತದಲ್ಲೋ. ನಿಂತು ನೋಡು."

ಮೈಲಾರಪ್ಪ ನಿಂತು ನೋಡಿದ, ಕೈಮುಗಿದ, ಮರುದಿನ ಕುಂಕುಮ ತಂದ. ನಿಲ್ಲಿಸಿದ ಕಲ್ಲನ್ನು ಬರಿಹಣೆಯಲ್ಲಿ ಬಿಡುವುದು ಅವನಿಂದಾಗದ ಮಾತು. ಇವನು ಹಚ್ಚುವನು, ಮಾಸ್ತರರು ತೊಳೆಯುವರು. ಹೀಗೆ ಆರು ವರ್ಷ.

"ದೇವರಲ್ಲೋ ಮಾರಾಯಾ, ಕಲ್ಲು! ಕಲ್ಲಾಗೇ ಇರಲಿ ಬಿಡು!"

ಹನ್ನೊಂದನೆಯ ದಿನ ಆ ದಂಡೆಗೇ ಎಡೆ ಇಟ್ಟರು. ಕಾಗೆ ಬಂದು ಕಲ್ಲಿನ ತುದಿಗೆ ಕುಳಿತಿತು, ಎಡೆ ಮುಟ್ಟಲಿಲ್ಲ. ಹೋದವರಿಗೆ ಏನೋ ಆಸೆ ಉಳಿದಿದೆಯೆಂದು ಎಲ್ಲರೂ ಮಾತು ಕೊಡತೊಡಗಿದರು.

"ಮಾವಾರ, ಅಕ್ಕನ್ನ ನಾ ನೋಡ್ಕೋತೇನ್ರಿ," ಎಂದ ಪ್ರಭಾವತಿಯ ತಮ್ಮ ಕಲ್ಲೇಶ. ಕಾಗೆ ಅಲುಗಲಿಲ್ಲ.

"ಬದನಿಗಿಡ ಹಚ್ಚಂಗಿಲ್ಲಂತ ಹೇಳವಾ," ಎಂದಳು ನೆರೆಮನೆಯ ಬೀರವ್ವ.

"ಅದನ್ನ ಮಾತ್ರ ಹೇಳಂಗಿಲ್ಲ. ಹಚ್ಚಾಕಿನ ನಾನು!" ಎಂದು ಪ್ರಭಾವತಿ ಅಳುತ್ತಲೇ ಗದರಿದಳು.

ಹಸಿದ ಬೀಗರು ಕಾಗೆಯನ್ನೂ ಅಡುಗೆಮನೆಯನ್ನೂ ಸರದಿಯಂತೆ ನೋಡಿದರು. ಕಾರಣ ಮೈಲಾರಪ್ಪನಿಗೊಬ್ಬನಿಗೇ ಗೊತ್ತಿತ್ತು. ಸುದ್ದಿ ಬಂದ ದಿನ ಹಚ್ಚಿದ ಕುಂಕುಮ ಕಲ್ಲಿನ ಮೇಲೆ ಹಾಗೇ ಇತ್ತು, ತೊಳೆಯುವವರು ಇರಲಿಲ್ಲ. ಪೂಜಿಸಿದ ಕಲ್ಲನ್ನು ಒರೆಸಿದರೆ ತನಗೆ ಪಾಪ, ಒರೆಸದಿದ್ದರೆ ಗೆಳೆಯನ ಜೀವ ಉಪವಾಸ.

ತಂಬಿಗೆ ಹಿಡಿದು ಸೇತುವೆ ಹತ್ತಿದ. ಮೂರು ಹೊರಳಿನಲ್ಲೂ ನಿಂತು ನಿಂತು ಹೋದ. ನೀರು ಸುರುವಿ, ಧೋತರದ ಚುಂಗಿನಿಂದ ತಿಕ್ಕಿದ.

"ಇದು ಕಲ್ಲರಿ ಮಾಸ್ತರ. ಬರೇ ಕಲ್ಲು."

ಕಾಗೆ ಹಾರಿ ಎಡೆಗಿಳಿದು, ಮೊದಲು ಬದನೆಕಾಯಿ ಪಲ್ಯಕ್ಕೇ ಬಾಯಿ ಹಾಕಿತು. ಹಿಂದೆ ಎಲೆ ಹಾಕುವ ಗಡಿಬಿಡಿ ಎದ್ದಿತು.

ಮೈಲಾರಪ್ಪ ಕೆಂಪಾದ ಕೈ ಜೋಡಿಸಲು ಹೋದ. ಎದುರಿಗೆ ಕಲ್ಲಿದೆಯೆಂದು ನೆನಪಾಗಿ, ಹೊರಳಿ ನೀರಿನ ಕಡೆ ನಿಂತ.

"ಅಪ್ಪಾ ಮೈಲಾರಲಿಂಗಾ, ನಮ್ಮ ಮಾಸ್ತರ ಜೀವಕ್ಕ ಶಾಂತಿ ಕೊಡು. ನಿಂತು ನೋಡಾಕ ಅವರಿಗೊಂದು ಛಲೋ ಜಾಗಾ ಕೊಡು."